ಅವ್ವನ ಬೆನ್ನಿನ ಗೆರೆ

ಕಲಬುರ್ಗಿ ಕಡೆಯಿಂದ ಬಂದ ನಾವು ತೊಂಬತ್ತರ ದಶಕದಲ್ಲಿ ಹಲಸೂರಿನ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನಾನಾಗ ಒಂಬತ್ತನೇ ಕ್ಲಾಸು. ಅವ್ವ ಊರಲ್ಲಿ ತೊಡುತ್ತಿದ್ದ ಕುಬಸವನ್ನೇ ಇಲ್ಲೂ ತೊಡುತ್ತಿದ್ದಳು. ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು ಹಾಕಿದರೆ ಮುಗಿಯಿತು, ಒಳಗೆ ಇನ್ನೇನೂ ಇಲ್ಲ. ಅಜ್ಜಿಯ ಕಾಲದಲ್ಲಿ ಕುಬಸ ತೊಟ್ಟವರೇ ದೊಡ್ಡಮನೆಯವರಂತೆ. ನನ್ನ ಕಾಲಕ್ಕೆ ಅದು ಸಾಲದಾಯಿತು. ವಠಾರದ ಓನರಮ್ಮನ, ನಮ್ಮ ಟೀಚರುಗಳ ತೆಳು ಬ್ಲೌಸಿನ ಹಿಂದೆ, ಒಳಗೆ ತೊಟ್ಟ ಬಾಡಿಯ ಪಟ್ಟಿ ಗೆರೆಯಾಗಿ ಕಾಣುತ್ತಿತ್ತು. ಆ ಗೆರೆ ಇದ್ದವರು ಓದಿದವರು, ಇಲ್ಲದವರು ಮನೆಗೆಲಸದವರು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಎಂಥ ಜಂಬ ನನಗೆ!

ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಬಂತು.

"ಬೆನ್ನ ಮ್ಯಾಲ ಆ ಗೆರಿ ಕಾಣ್ಬೇಕು. ಇಲ್ಲಂದ್ರ ನಮ್ಮ ಸಾಲಿಗಿ ಬರಬ್ಯಾಡ," ಎಂದೆ.

ಅವ್ವ ಸೆರಗಿನ ತುದಿಗೆ ದುಡ್ಡು ಗಂಟು ಕಟ್ಟಿಕೊಂಡಳು. ಇಬ್ಬರೂ ಶಿವಾಜಿನಗರದ ಗಲ್ಲಿಯೊಂದರಲ್ಲಿ ಬಾಡಿ ಮಾರುವ ಅಂಗಡಿಗೆ ಹೋದೆವು. ಅಲ್ಲಿ ಇದ್ದವರೆಲ್ಲ ಗಂಡಸರು. "ಸೈಜ್ ಎಷ್ಟಮ್ಮಾ?" ಎಂದು ಒಬ್ಬ ಕೇಳಿದಾಗ ಅವ್ವ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ನಾನು ತಲೆ ತಗ್ಗಿಸಿ, ಕೈಗೆ ಹತ್ತಿರವಿದ್ದ ಡಬ್ಬಿಯನ್ನು ತೋರಿಸಿದೆ. ಅವನು ಪೇಪರಿನಲ್ಲಿ ಸುತ್ತಿ ಕೊಟ್ಟ.

ಮೀಟಿಂಗಿನ ದಿನ ಬೆಳಿಗ್ಗೆ ಅದು ಅವ್ವನಿಗೆ ಬಿಗಿಯಾಗಿ, ಬೆನ್ನ ಹಿಂದೆ ತುದಿಗಳು ಸೇರಲೇ ಇಲ್ಲ. ನಾನೇ ಹಿಂದೆ ನಿಂತು ಎಳೆದೆಳೆದು ಕೊಂಡಿ ಸಿಕ್ಕಿಸಿದೆ. ಕುಬಸದ ಬದಲು ಓನರಮ್ಮ ಕೊಟ್ಟಿದ್ದ ಹಳೆಯ ಬ್ಲೌಸು ತೊಡಿಸಿದೆ. ಅವಳು ಉಸಿರು ಹಿಡಿದುಕೊಂಡೇ ಶಾಲೆಗೆ ಬಂದು ಹೋದಳು.

ನಾಲ್ಕು ದಿನದ ಮೇಲೆ ಅವ್ವ ರೊಟ್ಟಿ ಬಡಿಯುತ್ತ ನಡುನಡುವೆ ನಿಲ್ಲಿಸುತ್ತಿದ್ದಳು. ರೊಟ್ಟಿ ದಪ್ಪವಾಯಿತೆಂದು ನಾನು ಸಿಡುಕಿದೆ. ಆಗ ಅವಳು ಮೆಲ್ಲಗೆ, "ಬೆನ್ನು ಉರಿತದವ್ವಾ, ನೋಡು," ಎಂದಳು. ಬ್ಲೌಸು ಎತ್ತಿದರೆ ಅದೇ ಬಾಡಿ, ಅದೇ ಕೊಂಡಿ. ಮಲಗುವಾಗಲೂ ಅದೇ, ಸ್ನಾನವೂ ಅದರ ಮೇಲೆಯೇ. ಪಟ್ಟಿಯ ಕೆಳಗೆ ಚರ್ಮ ಕಿತ್ತು ಹಸಿಯಾಗಿತ್ತು.

"ಬಿಚ್ಚಬಾರದೇನವ್ವಾ!" ಎಂದು ಚೀರಿದೆ.

"ನೀ ಹಾಕ್ಕೋ ಅಂದಿ. ಬಿಚ್ಚು ಅಂತ ಅನ್ನಲಿಲ್ಲ. ನಂಗ ಏನ್ ಗೊತ್ತು, ದೊಡ್ಡವ್ರು ಹ್ಯಾಂಗ ಇರ್ತಾರ ಅಂತ."

ಒಂದೊಂದೇ ಕೊಂಡಿ ಬಿಡಿಸಿದೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಅವ್ವ ಕೇಳಿದಳು:

"ಅವತ್ತು ಸಾಲ್ಯಾಗ ಗೆರಿ ಛಂದ ಕಾಣ್ತಿತ್ತಾ?"

"ಹೂಂ, ಕಾಣ್ತಿತ್ತು," ಎಂದೆ.

ಸುಳ್ಳು. ನಮ್ಮಿಬ್ಬರನ್ನು ಯಾರಾದರೂ ಒಟ್ಟಿಗೆ ನೋಡಿಯಾರೆಂದು ಅಂದು ದಾರಿಯುದ್ದಕ್ಕೂ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಿದ್ದೆ. ಮನೆ ಬಿಟ್ಟ ಮೇಲೆ ಅವಳ ಬೆನ್ನನ್ನು ನಾನು ನೋಡಿರಲೇ ಇಲ್ಲ.