ಪವರ್ ಏರ್ಸ್, ಮಾಣಿ

ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟಿವಿ ರಿಪೇರಿ ಅಂಗಡಿ ಇತ್ತು. ಮಳೆಗಾಲದ ಸಿಡಿಲು ಕೆಡಿಸಿದ್ದನ್ನು ನಾನು ಸರಿ ಮಾಡುತ್ತಿದ್ದೆ. ಇಬ್ಬರ ಪಾಲುದಾರಿಕೆ ಚೆನ್ನಾಗಿಯೇ ನಡೆದಿತ್ತು. ಇಷ್ಟರಲ್ಲೇ ಸುಖವಾಗಿ ಇರಬಹುದಿತ್ತು. ಆದರೆ ಹಣೆಬರಹ ಬಿಡಬೇಕಲ್ಲ, ೧೯೯೭ರಲ್ಲಿ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋದ ಲೈಸೆನ್ಸ್ ತೆಗೆದುಕೊಂಡೆ. ಫೋನಿನಲ್ಲಿ ಒಂದು ನಿಮಿಷಕ್ಕೆ ಮುಗಿಯುವ ಮಾತನ್ನು, ಮಾಡಿನ ಮೇಲೆ ತಂತಿ ಎಳೆದು, ಸೆಟ್ಟನ್ನು ಸ್ವತಃ ಕಟ್ಟಿ, ಕರಕರ ಸದ್ದಿನ ನಡುವೆ ಅರ್ಧ ಗಂಟೆ ಕಿರುಚಿ ಹೇಳುವುದಕ್ಕೆ ಸರಕಾರ ಕೊಡುವ ಅನುಮತಿ ಅದು.

ಈ ಹುಚ್ಚು ಹಿಡಿಸಿದವರು ಬೈಂದೂರಿನ ಒಬ್ಬ ನಿವೃತ್ತ ವಿಜ್ಞಾನ ಮಾಷ್ಟ್ರು. ನನಗೆ ರೇಡಿಯೋದ ಒಳಹೊರಗನ್ನೆಲ್ಲ ಕಲಿಸಿದವರು ಅವರೇ. ಶಾಲೆ ಬಿಟ್ಟರೂ ಹಾಜರಿ ಕರೆಯುವ ಚಟ ಅವರನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೆಟ್ ಹಾಕಿ, ಕರಾವಳಿಯ ಹತ್ತು ಹನ್ನೆರಡು ಹವ್ಯಾಸಿಗಳನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಕರೆಸಿಕೊಂಡವನು "ನಮಸ್ಕಾರ ಮಾಷ್ಟ್ರೆ, ಹಾಜರ್" ಎನ್ನಬೇಕು. ಅವರು "ಸ್ಪಷ್ಟ ಇತ್ತ್, ಮುಂದಿನವ್ರ್" ಎನ್ನುತ್ತಿದ್ದರು. ವೈದ್ಯರು, ಬ್ಯಾಂಕಿನ ಮ್ಯಾನೇಜರು, ಹಂಚಿನ ವ್ಯಾಪಾರಿ, ಎಲ್ಲರೂ ಆ ಒಂದು ಗಂಟೆ ಬೆಂಚಿನ ಮೇಲೆ ಕೂತ ಮಕ್ಕಳೇ.

ನಾನು ಮಾತ್ರ ಹಾಜರಿ ಹೇಳಿ ಸುಮ್ಮನಾಗುವ ಜಾತಿಯವನಲ್ಲ. ವಾರವಿಡೀ ಕೂಡಿಟ್ಟ ಸಂಶಯವನ್ನೆಲ್ಲ ಅಲ್ಲಿ ಸುರಿಯುತ್ತಿದ್ದೆ. ಮೊದಲ ಎರಡು ಮೂರು ವರ್ಷ ಅವರು ಕೂದಲು ಸೀಳಿದಂತೆ ಉತ್ತರ ಕೊಟ್ಟರು. ಆಮೇಲೊಂದು ಭಾನುವಾರ, ನನ್ನ ಪ್ರಶ್ನೆ ಮುಗಿದ ಮೇಲೆ ಎಲ್ಲರೆದುರು ಹೇಳಿದರು: "ಮಾಣಿ, ನಿನ್ ಸಿಗ್ನಲ್ ಸಾಕಾತಿಲ್ಲ. ಪವರ್ ಏರ್ಸ್."

ನಾನು ಸ್ವತಃ ಕಟ್ಟಿದ ಸೆಟ್ಟಿಗೆ, ಹನ್ನೆರಡು ಜನರ ಮುಂದೆ! ಅವಮಾನದಿಂದ ಅಂದು ಇಡ್ಲಿ ಇಳಿಯಲಿಲ್ಲ. ಅವರ ಬಾಯಿಂದ ಮತ್ತೆ 'ಸ್ಪಷ್ಟ ಇತ್ತ್' ಅನ್ನಿಸದೆ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಮನುಷ್ಯರು ಇದಕ್ಕಿಂತ ಸಣ್ಣ ವಿಷಯಕ್ಕೂ ಹಾಳಾಗಿದ್ದಾರೆ ಎಂಬುದೊಂದೇ ನನ್ನ ಸಮಾಧಾನ.

ಸಿಗ್ನಲ್ಲಿನ ಬಲ ಹೆಚ್ಚಿಸುವ ಆಂಪ್ಲಿಫಯರ್ ಕಟ್ಟಬೇಕು. ಮಾಷ್ಟ್ರದ್ದು ಹಳೆಯ ವಾಲ್ವಿನ ಕಾಲ. ನಾನು ಹೊಸ ಕಾಲದವನು, ಟ್ರಾನ್ಸಿಸ್ಟರಿನಲ್ಲೇ ಕಟ್ಟಿ ತೋರಿಸುತ್ತೇನೆ ಎಂದು ಹೊರಟೆ. ಹಳೆಯ ಪವರ್ ಸಪ್ಲೈಗಳಿಂದ ಕಿತ್ತ ಅಗ್ಗದ ಟ್ರಾನ್ಸಿಸ್ಟರುಗಳು. ಅವು ಜೋಡಿಯಾಗಿ ದುಡಿಯಬೇಕು, ಒಂದು ತಳ್ಳುವಾಗ ಇನ್ನೊಂದು ಎಳೆಯಬೇಕು. ಎರಡರ ಗುಣವೂ ಹೊಂದದಿದ್ದರೆ ಒಂದೇ ಎಲ್ಲ ಭಾರ ಹೊತ್ತು ಸುಟ್ಟುಹೋಗುತ್ತದೆ. ನನ್ನ ಮದುವೆಗೆ ಜಾತಕ ನೋಡಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಐವತ್ತು ಟ್ರಾನ್ಸಿಸ್ಟರುಗಳನ್ನು ಅಳೆದು ಜೋಡಿ ಮಾಡಿದೆ. ಟ್ರಾನ್ಸ್‌ಫಾರ್ಮರಿಗೆ ಫೆರೈಟ್ ಕೊಳವೆ ಬೇಕಿತ್ತು. ಕಂಪ್ಯೂಟರ್ ಮಾನಿಟರಿನ ತಂತಿಯ ತುದಿಯಲ್ಲಿ, ಹಾವು ಕಪ್ಪೆ ನುಂಗಿದ ಹಾಗೆ ಉಬ್ಬಿಕೊಂಡಿರುತ್ತದಲ್ಲ, ಅದರೊಳಗೆ ಇರುವುದು ಅದೇ. ಕುಂದಾಪುರದ ಗುಜರಿಯವನು ನನ್ನನ್ನು ಕಂಡರೆ ಮಾನಿಟರ್ ಬಿಟ್ಟು ಬರೀ ತಂತಿ ಕೇಳುವ ಮರುಳ ಬಂದ ಎಂದು ನಗುತ್ತಿದ್ದ.

ಮೊದಲನೆಯದು ಐವತ್ತು ವಾಟ್ ಕೊಟ್ಟಿತು. ಭಾನುವಾರ ಹೆಮ್ಮೆಯಿಂದ, ಟ್ರಾನ್ಸಿಸ್ಟರಿಗೆ ಬಯಾಸ್ ವೋಲ್ಟೇಜ್ ಎಷ್ಟಿಡಲಿ ಮಾಷ್ಟ್ರೆ ಎಂದು ಕೇಳಿದೆ. "ಸಾಕಾತಿಲ್ಲ ಮಾಣಿ, ಪವರ್ ಏರ್ಸ್."

ಏರಿಸಿದೆ. ಟ್ರಾನ್ಸಿಸ್ಟರುಗಳಿಗೆ ಎಂಥ ತ್ಯಾಗಬುದ್ಧಿ ಇದೆಯೆಂದು ಆಗ ತಿಳಿಯಿತು. ಆಂಟೆನಾದಲ್ಲಿ ಸ್ವಲ್ಪ ಏರುಪೇರಾದರೂ ಸಾಕು, ಫ್ಯೂಸಿಗೆ ನೋವಾಗಬಾರದೆಂದು ಅವೇ ಮೊದಲು ಸಾಯುತ್ತವೆ. ಹೊಗೆ ಕೂಡ ಬರುವುದಿಲ್ಲ. ಮೀಟರಿನ ಮುಳ್ಳು ಮಲಗಿದಾಗಲೇ ಗೊತ್ತಾಗಬೇಕು. ಇದರ ನಡುವೆ ನನ್ನ ಪ್ರಸಾರ ಪಕ್ಕದ ಮನೆಯ ಟಿವಿಗೆ ನುಗ್ಗಿ ಗೆರೆ ಎಳೆಯಿತು. ಅವರು ಆ ಟಿವಿಯನ್ನು ರಿಪೇರಿಗೆ ತಂದದ್ದು ಮತ್ತೆಲ್ಲಿಗೆ, ನನ್ನ ಅಂಗಡಿಗೇ. ನಾನು ಗಂಭೀರವಾಗಿ ಮುಚ್ಚಳ ತೆಗೆದು ಧೂಳು ಊದಿ, "ಈಗ ಸರಿ ಇತ್ತ್ ಕಾಣಿ" ಎಂದು ಕೊಟ್ಟು, ಮನೆಗೆ ಬಂದು ಒಂದು ವಾರ ಆ ಗೆರೆ ತಡೆಯುವ ಫಿಲ್ಟರಿನ ಸುರುಳಿ ಸುತ್ತಿದೆ.

ನೂರೈವತ್ತು ವಾಟ್ ಆಯಿತು. "ಪವರ್ ಏರ್ಸ್." ಮುನ್ನೂರು ಮಾಡಹೊರಟಾಗ ನಡೆದದ್ದು ನನ್ನ ವಿದ್ವತ್ತಿನ ಶಿಖರ. ಟ್ರಾನ್ಸಿಸ್ಟರಿನ ಬಿಸಿ ಅಲ್ಯೂಮಿನಿಯಂ ಹಲಗೆಗೆ ದಾಟಲು ನಡುವೆ ಒಂದು ಬಿಳಿ ಲೇಪ ಹಚ್ಚಬೇಕು. ಮುಂಬೈಯಿಂದ ಭಾವ ತಂದ ಟ್ಯೂಬು ಮುಗಿದಿತ್ತು. ಲೇಪ ಎಂದರೆ ಸತುವಿನ ಭಸ್ಮ ಮತ್ತು ಎಣ್ಣೆ ತಾನೆ? ಔಷಧಿ ಅಂಗಡಿಯಿಂದ ಭಸ್ಮದ ಪುಡಿ ತಂದೆ. ಎಣ್ಣೆಗೆ ನಮ್ಮೂರಲ್ಲಿ ಬರವೇ? ಮನೆಯ ತೆಂಗಿನೆಣ್ಣೆಯಲ್ಲಿ ಕಲಸಿ, ಹಣೆಗೆ ಗಂಧ ಇಟ್ಟ ಹಾಗೆ ಎಂಟು ಟ್ರಾನ್ಸಿಸ್ಟರಿಗೂ ಹಚ್ಚಿದೆ. ಐದು ನಿಮಿಷ ಮಾತಾಡಿದ್ದೇ ತಡ, ಮನೆ ತುಂಬಾ ಪರಿಮಳ. ಅಡಿಗೆಕೋಣೆಯಿಂದ ಹೆಂಡತಿ ಕೂಗಿದಳು: "ಹ್ವಾಯ್, ಒಳ್ಗೆ ಎಂತ ಹಪ್ಳ ಕರೀತಿದ್ರ್ಯಾ?" ಎಣ್ಣೆ ಕಾದು ಹಲಗೆಯಿಂದ ಇಳಿದು ಹೋಗಿತ್ತು. ಒಣ ಪುಡಿ ಉಳಿದಿತ್ತು. ಎಂಟೂ ಟ್ರಾನ್ಸಿಸ್ಟರು ಹುರಿದು ಹೋಗಿದ್ದವು. ಫ್ಯೂಸ್ ಮಾತ್ರ ಆರೋಗ್ಯವಾಗಿತ್ತು.

ಹೀಗೆ ವರ್ಷಗಳು ಕಳೆದವು. ಬೈಂದೂರಿಗೆ ಬಸ್ಸಿನಲ್ಲಿ ಕೂತರೆ ಎರಡು ಗಂಟೆಯ ದಾರಿ. ಹೋಗಿ ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಗಾಳಿಯಲ್ಲೇ ಗೆಲ್ಲಬೇಕೆಂಬ ಹಟ. ಫೋನ್ ಮಾಡಿದರೆ ಯಾವಾಗಲೂ ಅವರ ಹೆಂಡತಿಯೇ ಎತ್ತುತ್ತಿದ್ದರು. "ಮಾಷ್ಟ್ರು ತೋಟಕ್ ಹೋಯಿರ್," ಇಲ್ಲವೇ "ಮೀಯುಕ್ ಹೋಯಿರ್." ಈ ಪ್ರಾಯದಲ್ಲಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾರಪ್ಪ ಎಂದು ನಾನು ಆಶ್ಚರ್ಯಪಟ್ಟೆನೇ ಹೊರತು ಬೇರೇನೂ ಯೋಚಿಸಲಿಲ್ಲ. ಸರ್ಕ್ಯೂಟಿನ ದೋಷ ಹುಡುಕುವುದರಲ್ಲಿ ನಾನು ನಿಸ್ಸೀಮ ನೋಡಿ.

ಕೊನೆಗೆ ಲೈಸೆನ್ಸು ಒಪ್ಪುವ ನಾನೂರು ವಾಟ್ ಮುಟ್ಟಿದೆ. ಸರಿಯಾದ ಲೇಪ, ದಪ್ಪ ತಾಮ್ರದ ಹಲಗೆ, ಎರಡು ಫ್ಯಾನು. ಭಟ್ಕಳದ ಹವ್ಯಾಸಿ ನನ್ನ ಸಿಗ್ನಲ್ಲಿಗೆ ತನ್ನ ಸ್ಪೀಕರ್ ಒಡೆಯುತ್ತದೆ ಎಂದು ಬೈದ. ಮಾಷ್ಟ್ರು? "ಸಾಕಾತಿಲ್ಲ ಮಾಣಿ."

ಆಗ ನನಗೆ ಜ್ಞಾನೋದಯವಾಯಿತು. ಕೆಟ್ಟಿರುವುದು ಅವರ ರಿಸೀವರು! ಮರು ಭಾನುವಾರ ಟೂಲ್ ಬ್ಯಾಗ್ ಹೆಗಲಿಗೇರಿಸಿ ಮೊದಲ ಬಸ್ಸು ಹಿಡಿದೆ. ಹಾಜರಿ ನಡೆಯುವಾಗಲೇ ಹೋಗಿ ದೋಷ ಹಿಡಿಯಬೇಕೆಂಬ ಲೆಕ್ಕಾಚಾರ.

ಗೇಟಿನ ಹೊರಗಿನಿಂದಲೇ ಅವರ ರಿಸೀವರ್ ಕೇಳಿಸುತ್ತಿತ್ತು. ಬ್ಯಾಂಕ್ ಮ್ಯಾನೇಜರನ "ನಮಸ್ಕಾರ ಮಾಷ್ಟ್ರೆ" ಇಡೀ ಕೇರಿಗೆ ಕೇಳುವಷ್ಟು ಜೋರು. ಬಾಗಿಲು ತೆರೆದ ಅವರ ಹೆಂಡತಿಯ ಎರಡೂ ಕಿವಿಯಲ್ಲಿ ಹತ್ತಿ. ಒಳಗೆ ಮಾಷ್ಟ್ರು ನನಗೆ ಬೆನ್ನು ಹಾಕಿ ಕೂತಿದ್ದರು. "ಮಾಷ್ಟ್ರೆ" ಎಂದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕೂಗಿದೆ. ಇಲ್ಲ. ಅವರ ಕಣ್ಣು ಸೆಟ್ಟಿನ ಮೀಟರಿನ ಮುಳ್ಳಿನ ಮೇಲೆ ನೆಟ್ಟಿತ್ತು. ಮುಳ್ಳು ಎದ್ದಿತು, ಬಿತ್ತು. ಅವರು ಮೈಕ್ ಒತ್ತಿ ಹೇಳಿದರು: "ಸ್ಪಷ್ಟ ಇತ್ತ್, ಮುಂದಿನವ್ರ್."

ಹಿಂದೆ ನಿಂತಿದ್ದ ಅವರ ಹೆಂಡತಿ ಹೇಳಿದರು: "ಅವ್ರಿಗೆ ಕೇಣತಿಲ್ಲ ಮಾರಾಯ್ರೆ. ವರ್ಷ ಸುಮಾರ್ ಆಯ್ತ್. ಯಾರಿಗೂ ಹೇಳುಕ್ ಬಿಡ್ತಿಲ್ಲ."

ನನ್ನ ಹೆಗಲ ಮೇಲಿದ್ದ ಟೂಲ್ ಬ್ಯಾಗನ್ನು ಎಲ್ಲಿ ಇಡುವುದೆಂದು ತೋಚಲಿಲ್ಲ. ನಾನು ಇಷ್ಟು ವರ್ಷ ಒಬ್ಬರ ಕಿವಿಯನ್ನು ಟ್ರಾನ್ಸಿಸ್ಟರಿನಿಂದ ರಿಪೇರಿ ಮಾಡುತ್ತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಹಾಜರಿ ಮುಗಿಸಿ ತಿರುಗಿದಾಗ ಮಾಷ್ಟ್ರು ನನ್ನನ್ನು ಕಂಡರು. ಮುಖ ಸಣ್ಣದಾಯಿತು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಕೈ ಕಟ್ಟಿಕೊಂಡರು. ಆಮೇಲೆ ತಾವೇ ಹೇಳಿದರು: "ಬೇರೆಯವ್ರ್ ಹಾಜರ್ ಅಂತ್ರ್, ಹೋತ್ರ್. ಮುಳ್ಳ್ ಕಂಡ್ರೆ ಸಾಕ್. ನೀನೊಬ್ನೇ ಪ್ರಶ್ನಿ ಕೇಂಬುದ್. ಪವರ್ ಏರ್ಸ್ ಅಂದ್ರೆ ನೀನ್ ಆರ್ ತಿಂಗ್ಳ್ ಸುದ್ದಿ ಇಲ್ದೆ ಕೂಕಂತೆ. ನಂಗ್ ಆರ್ ತಿಂಗ್ಳ್ ನೆಮ್ದಿ." ಮೈಕನ್ನು ಬದಿಗೆ ಸರಿಸಿ, "ಎಲ್ಲರಿಗ್ ಗೊತ್ತಾರೆ ಶಾಲ್ ಹೊದ್ಸಿ ಮೂಲೆಗ್ ಕೂರ್ಸ್ತ್ರ್ ಮಾಣಿ. ನಂಗ್ ಉಳ್ದದ್ ಇದೊಂದೇ ಹಾಜರಿ," ಎಂದರು.

ಏನಾದರೂ ಹೇಳಬೇಕಿತ್ತು, ಹೇಳಿದರೆ ಅವರಿಗೆ ಕೇಳಿಸುವುದಿಲ್ಲ. ಮೇಜಿನ ಮೇಲೆ ಅವರ ಸ್ಪೀಕರ್ ಪೆಟ್ಟಿಗೆಯಿಂದ ಹೊರಗೆ ಮಲಗಿತ್ತು. ಹಾಜರಿ ಕರೆಯುವಾಗ ಅದರ ಕಾಗದದ ಪೊರೆಯ ಮೇಲೆ ಅವರ ಇನ್ನೊಂದು ಕೈಯ ಬೆರಳು ಇದ್ದದ್ದು ನೆನಪಾಯಿತು. ಮಾತು ಬರೀ ನಡುಕವಾಗಿ ತಾಗುತ್ತದೆ, ಅರ್ಥವಾಗುವುದಿಲ್ಲ. ಆದರೆ ಟೆಲಿಗ್ರಾಫಿನ ಮೋರ್ಸ್ ಸಂಕೇತ? ಉದ್ದ, ಗಿಡ್ಡ, ಅಷ್ಟೇ ತಾನೆ. ಲೈಸೆನ್ಸಿನ ಪರೀಕ್ಷೆಗೆಂದು ಕಲಿತು, ಪಾಸಾದ ಮರುದಿನವೇ ನಾನು ಖುಷಿಯಿಂದ ಮರೆತ ವಿದ್ಯೆ ಅದು. ಮೇಜಿನ ಮೇಲೆ ಅವರ ಅಂಗೈಯನ್ನು ಹಿಡಿದಿಟ್ಟು, ಪಕ್ಕದಲ್ಲಿ ಗೆಣ್ಣಿನಿಂದ ಗಿಡ್ಡಕ್ಕೆ ಬಡಿದೆ, ಉದ್ದಕ್ಕೆ ಒತ್ತಿ ಎಳೆದೆ. 'ಹೇಳುವುದಿಲ್ಲ.' ಅಷ್ಟಕ್ಕೇ ಬೆವರು ಬಂತು.

ಮಾಷ್ಟ್ರು ಕಣ್ಣು ಮುಚ್ಚಿ ಕೊನೆಯ ಅಕ್ಷರದವರೆಗೂ ಓದಿದರು. ಕಣ್ಣು ತೆರೆದು, "ಗಿಡ್ಡಕ್ಕೂ ಉದ್ದಕ್ಕೂ ವ್ಯತ್ಯಾಸವೇ ಇಲ್ಲ. ಇದ್ಕೆ ಯಾರ್ ಪಾಸ್ ಮಾಡಿದ್ದ್ ನಿನ್ನ?" ಎಂದು ಬೈದರು. ಎಷ್ಟು ವರ್ಷಗಳ ಮೇಲೆ ಅವರು ನನಗೆ ಕೊಟ್ಟ ಮೊದಲ ಉತ್ತರ!

ಒಂದು ವಾರ ಅಂಗಡಿಯಲ್ಲಿ ಕೂತು ಗಿರಾಕಿಗಳ ಮುಂದೆಯೇ ಮೇಜು ಬಡಿದು ಅಭ್ಯಾಸ ಮಾಡಿದೆ. ಭಾನುವಾರ ನನ್ನ ಸರದಿ ಬಂದಾಗ ಮೈಕ್ ಮುಟ್ಟದೆ ಮೋರ್ಸಿನ ಕೀ ಒತ್ತಿದೆ. ಹಾಜರಿ ಹೇಳಿ, ಒಂದು ಪ್ರಶ್ನೆಯನ್ನೂ ಕೇಳಿದೆ: ಫಿಲ್ಟರಿನ ಸುರುಳಿಗೆ ಎಷ್ಟು ಸುತ್ತು? ಇವನಿಗೇನು ಬಂತು ಎಂದು ಬ್ಯಾಂಕ್ ಮ್ಯಾನೇಜರ್ ಗೊಣಗಿದ. ಮಾಷ್ಟ್ರು ಗೊಣಗಲಿಲ್ಲ. ಎಷ್ಟು ಸುತ್ತು, ಯಾವ ದಪ್ಪದ ತಂತಿ, ಯಾಕೆ ಎಂದು ಹಳೆಯ ಕಾಲದಂತೆ ಹತ್ತು ನಿಮಿಷ ವಿವರಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾಣಿ, ಮಾಣಿದ್ ಆಂಪ್ಲಿಫಯರ್ ಅಂತೂ ಕೆಲ್ಸ ಮಾಡ್ತ್. ಇವತ್ ಎಲ್ಲರ್ಕಿಂತ ಅವ್ನೇ ಸ್ಪಷ್ಟ."

ಬೇರೆಯವರು ಆ ಆಂಪ್ಲಿಫಯರಿನ ನಕ್ಷೆ ಬೇಕೆಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಕಳಿಸುತ್ತೇನೆ ಎಂದು ಒಪ್ಪಿಕೊಂಡೆ. ನಾನು ಮೊದಲು ಕಟ್ಟಿದ ಐದು ವಾಟಿನ ಹಳೆಯ ಸೆಟ್ಟಿನಲ್ಲಿದ್ದೆ; ನಾನೂರು ವಾಟಿನ ಪೆಟ್ಟಿಗೆಯ ಕಿತ್ತ ಪ್ಲಗ್ ನೆಲದ ಮೇಲೆ ಬಿದ್ದಿತ್ತು.