ನಿಂಗಮ್ಮನ ಮಡಿಲಲ್ಲಿ ಮೂರು ಫ್ಯೂಸು

ಹೆಮ್ಮರಗಾಲದ ನನ್ನ ಹಿಟ್ಟಿನ ಮಿಲ್ ಎದುರು ಲೈನ್‌ಮನ್ ಟ್ರಾನ್ಸ್‌ಫಾರ್ಮರ್‌ನ ಮೂರು ಫ್ಯೂಸುಗಳನ್ನು ಕಿತ್ತು, ಪಕ್ಕದಲ್ಲೇ ನಿಂತಿದ್ದ ನನ್ನನ್ನು ಬಿಟ್ಟು, ಸೊಪ್ಪು ಮಾರುವ ನಿಂಗಮ್ಮನ ಮಡಿಲಿಗೆ ಹಾಕಿ ಕಂಬ ಹತ್ತಿದ. ಅವನು ಮೇಲಿರುವಾಗ ಯಾರಾದರೂ ಆ ಫ್ಯೂಸುಗಳನ್ನು ಮತ್ತೆ ಸಿಕ್ಕಿಸಿದರೆ ತಂತಿಗೆ ಕರೆಂಟ್ ಬರುತ್ತದೆ. ಅವನು ಉಳಿಯುವುದಿಲ್ಲ.

ಮಿಲ್ಲಿನಲ್ಲಿ ರಾಗಿ ತಂದವರ ಸಾಲು ಬೆಳೆಯಿತು. ಮುಕ್ಕಾಲು ಗಂಟೆ ಕಾದು ನಿಂಗಮ್ಮನ ಮುಂದೆ ಕೈ ಚಾಚಿದೆ. "ಕೆಲ್ಸ ಮುಗ್ದಿರ್ತದೆ, ಕೊಡಮ್ಮ."

ಆಕೆ ಸೆರಗು ಬಿಗಿ ಮಾಡಿಕೊಂಡಳು. "ಅವ್ನೇ ಇಳ್ದು ಬಂದು ಕೇಳ್ಲಿ, ಕೊಡ್ತೀನಿ."

ನಾನು ಕತ್ತೆತ್ತಿ ನೋಡಿದ್ದು ಆಗಲೇ. ಅವನು ಎರಡೂ ಕೈಯಲ್ಲಿ ತಂತಿ ಹಿಡಿದಿದ್ದ.

ಇಳಿದು ಬಂದ ಮೇಲೆ, ಫ್ಯೂಸು ನನಗೇಕೆ ಕೊಡಲಿಲ್ಲವೆಂದು ಕೇಳಿದೆ.

"ನಿಮ್ ಮಿಲ್ಲು ನಿಂತೋಗಿತ್ತಲ್ಲ ಸಾ," ಎಂದ.

ಈಗಲೂ ಅವನು ಫ್ಯೂಸು ಕೊಡುವುದು ನಿಂಗಮ್ಮನ ಕೈಗೇ. ಅದೇ ಸರಿ.