ಕಣ್ಣೊಳಗಿನ ಬೇವು

ತಿಕೋಟಾಕ್ಕೆ ಸೊಸೆಯಾಗಿ ಬಂದ ವರ್ಷ, ಎಪ್ಪತ್ತರ ದಶಕದ ಮಾತು, ನನ್ನ ಬಲಗಣ್ಣು ಕೆಂಪಗಾಗಿ ಬೆಳಕು ಕಂಡರೆ ಚುಚ್ಚತೊಡಗಿತು. ವಿಜಾಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿದ್ದ ಕಣ್ಣಿನ ಡಾಕ್ಟರು ಕೋಣೆ ಕತ್ತಲೆ ಮಾಡಿ, ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ದೀಪ ಹಿಡಿದರು. ಜೊತೆಗೆ ಬಂದಿದ್ದ ಅತ್ತೆಯನ್ನೂ ಕರೆದು ತೋರಿಸಿದರು.

“ನೋಡ್ರಿ ಯವ್ವಾ, ನಿಮ್ಮ ಸೊಸಿ ಕಣ್ಣಾಗ ಗಿಡದ ಟೊಂಗಿ ಹಂಗ ಹುಣ್ಣು ಆಗೇತಿ.”

ಹಸಿರಾಗಿ ಹೊಳೆಯುವ ಆ ಕವಲನ್ನು ಕಂಡು, ಅತ್ತೆ ನನ್ನ ಹೆಗಲ ಮೇಲಿದ್ದ ಕೈ ಹಿಂದಕ್ಕೆ ತೆಗೆದರು. ಆ ತಿಂಗಳಷ್ಟೇ ನಮ್ಮ ಅಂಗಳದ ಬೇವಿನ ಮರ ಕಡಿಸಿದ್ದೆವು. ಬಬಲೇಶ್ವರದವರು ಬಂಡಿ ತಂದು ಕಟ್ಟಿಗೆ ಒಯ್ದಿದ್ದರು.

“ಇದು ವೈರಸ್ಸು ರೀ. ಕಣ್ಣಿನ ಜೀವಕೋಶದಾಗ ಹೊಕ್ಕು ತನ್ನಂಥಾವನ್ನ ಕಟ್ಟತೈತಿ. ಈ ಔಷಧದಾಗ ಖೊಟ್ಟಿ ಇಟ್ಟಂಗಿ, ಸುಳ್ಳ ಇಟ್ಟಂಗಿ ಅದಾವು ಅಂತ ತಿಳೀರಿ. ವೈರಸ್ಸು ತನ್ನವ ಅಂತ ಇವನ್ನ ಇಟ್ಟು ಕಟ್ಟತೈತಿ, ಗ್ವಾಡಿ ನಿಲ್ಲಂಗಿಲ್ಲ. ತಾಸಿಗೊಮ್ಮೆ ಒಂದು ಹನಿ. ನಡುವ ಬಿಟ್ರ ಕಣ್ಣು ಹೋಗತೈತಿ.”

ಸೊಲ್ಲಾಪುರದಿಂದ ತರಿಸಿದ್ದ ಬಾಟಲಿ ಅದೊಂದೇ ಅವರ ಹತ್ತಿರ ಇತ್ತು.

ಅದನ್ನು ನೀರಿನ ಗಡಿಗೆಯ ಬುಡದ ಹಸಿ ಉಸುಕಿನಲ್ಲಿ ಹುಗಿದಿಟ್ಟೆವು. ಎರಡೂ ಕಣ್ಣಿಗೆ ಅರಿವೆ ಕಟ್ಟಿಕೊಂಡು ನಾನು ಒಳಕೋಣೆಯಲ್ಲಿ ಮಲಗಿರುತ್ತಿದ್ದೆ. ಹನಿ ಹಾಕುವ ಹೊತ್ತಾದಾಗ ಅತ್ತೆಯ ಹೆಜ್ಜೆ ಗಡಿಗೆಯ ಹತ್ತಿರದಿಂದ ನೇರ ನನ್ನ ಕಡೆ ಬರುತ್ತಿರಲಿಲ್ಲ. ಮೊದಲು ಅಂಗಳಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು. ಅಲ್ಲಿ ಯಾರ ಜೊತೆಗೋ ಪಿಸುಮಾತು ಕೇಳುತ್ತಿತ್ತು. ಆಮೇಲೆ ನನ್ನ ಕಣ್ಣಿಗೆ ಹನಿ ಬೀಳುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅರಿವೆ ಸರಿಸಿ ನೋಡಿದೆ. ಅತ್ತೆ ಬೇವಿನ ಬೊಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡಿದ ಗಾಯದ ಮೇಲೆ ನನ್ನ ಔಷಧಿ ತೊಟ್ಟಿಕ್ಕಿಸುತ್ತಿದ್ದರು. ದೇವರಿಗೆ ಮೊದಲು ಎಡೆ ಹಿಡಿಯದೆ ತುತ್ತು ರೊಟ್ಟಿಯನ್ನೂ ಬಾಯಿಗಿಡದ ಹೆಂಗಸು! ಬಾಟಲಿಯ ತಳ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ನನ್ನ ಕಣ್ಣು ಅದರಾಗ ಐತ್ರಿ ಅತ್ತಿ,” ಎಂದು ಕಸಿದುಕೊಂಡೆ.

ಅವರು ಸಿಟ್ಟಾಗಲಿಲ್ಲ. “ನಿನ್ನ ಕಣ್ಣಾಗ ಬರೇ ಟೊಂಗಿ ಐತವ್ವಾ. ಬೇರು ಇಲ್ಲೇ ಐತಿ.”

ಉಳಿದದ್ದನ್ನು ನಾನೇ ಉಸಿರು ಬಿಗಿಹಿಡಿದು ಹಾಕಿಕೊಂಡೆ. ಪುಣ್ಯಕ್ಕೆ ಸಾಲಿತು. ಮತ್ತೆ ವಿಜಾಪುರಕ್ಕೆ ಹೋದಾಗ ಡಾಕ್ಟರ ನೀಲಿ ದೀಪದಲ್ಲಿ ಕವಲು ಕಾಣಲಿಲ್ಲ.

“ಟೊಂಗಿ ಹೋತು. ಬೇರು ಮಾತ್ರ ಒಳಗ ನರದಾಗ ಮಲಗಿರತೈತಿ. ಅದನ್ನ ಈ ಔಷಧ ಮುಟ್ಟಂಗಿಲ್ಲ. ಜ್ವರ ಬಂದಾಗ ಮತ್ತ ಚಿಗೀಬಹುದು.”

ಅತ್ತೆ ನನ್ನ ಮುಖ ನೋಡಿದರು. ಮನೆಗೆ ಬಂದರೆ ಬೊಡ್ಡೆಯ ಮಗ್ಗುಲಲ್ಲಿ ಕೆಂಪು ಚಿಗುರು ಬಂದಿತ್ತು.

ಅತ್ತೆ ತೀರಿಕೊಂಡ ಮೇಲೆ ಒಮ್ಮೆ ಜ್ವರ ಬಂದು ಅದೇ ಕಣ್ಣು ಮತ್ತೆ ಚುಚ್ಚಿತು. ಹೊಸ ಬಾಟಲಿ ತರಿಸಿದೆ. ಕನ್ನಡಿಯ ಮುಂದೆ ನಿಂತು ರೆಪ್ಪೆ ಎತ್ತಿದರೂ ಮೊದಲ ಹನಿ ಹಾಕಿಕೊಳ್ಳಲು ಕೈ ಬರಲಿಲ್ಲ. ಬಾಟಲಿ ಹಿಡಿದುಕೊಂಡು ಅಂಗಳದ ಬೇವಿನ ಹತ್ತಿರ ಹೋದೆ.